ಕಟ್ಟೆಯ ಮೇಲೆ ಹೇಳಿದ್ದು

ನಮ್ಮ ಭಾಷೆಯಲ್ಲಿ 'ಬೇಜಾರು' ಅಂತ ಒಂದು ಮಾತಿದೆಯಲ್ಲ, ಅದು ನನ್ನಂಥ ಸೋಮಾರಿಗಳಿಗೆಂದೇ ಹುಟ್ಟಿದ್ದಿರಬೇಕು. ಮಾಡಲು ಕೆಲಸವಿಲ್ಲದಿದ್ದರೂ ಬೇಜಾರು, ಸಾವಿನ ಮನೆಗೆ ಹೋಗಿ ಬಂದರೂ ಬೇಜಾರು, ಯಾರಾದರೂ ಚುಚ್ಚಿ ಮಾತಾಡಿದರೂ ಬೇಜಾರು. ಬಾಯಿಗೆ ಬಂದಂತೆ ಬೈದು ಕೊನೆಗೆ 'ಬೇಜಾರ್ ಮಾಡ್ಕೋಬೇಡಿ' ಎಂದುಬಿಟ್ಟರೆ ಕ್ಷಮೆ ಕೇಳಿದ ಹಾಗೂ ಆಯಿತು. ಈ ಒಂದು ಮಾತನ್ನು ನನ್ನ ಮಗಳು ತಿಂಗಳುಗಟ್ಟಲೆ ಹೇಳಿದಳು, ನಾನು ತಿಂಗಳುಗಟ್ಟಲೆ ತಪ್ಪಾಗಿ ಕೇಳಿಸಿಕೊಂಡೆ. ತಪ್ಪಾಗಿ ಕೇಳಿಸಿಕೊಳ್ಳುವುದು ನನಗೆ ಅನುಕೂಲವಾಗಿತ್ತು ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ನಮ್ಮದು ಚಿಕ್ಕಲಸಂದ್ರ. ಮಾವನವರು ರಾಗಿ ಬೆಳೆಯುತ್ತಿದ್ದ ಜಾಗದಲ್ಲಿ ಈಗ ಮೂರು ಮಹಡಿಯ ಮನೆ ನಿಂತಿದೆ. ಕೆಳಗೆ ನಾವು ನಾಲ್ಕು ಜನ: ನಾನು, ನನ್ನ ಗಂಡ, ನಮ್ಮತ್ತೆ, ಒಂಬತ್ತು ವರ್ಷದ ಮಗಳು. ಮೇಲಿನ ಮನೆಗಳಲ್ಲಿ ಬಾಡಿಗೆಯವರು. ಗಂಡನಿಗೆ ಕತ್ರಿಗುಪ್ಪೆಯಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಅಂಗಡಿ ಇರುವುದರಿಂದ ಮನೆಯ ಮೋಟಾರು, ಸಂಪು, ಮೆಟ್ಟಿಲು ತೊಳೆಸುವುದು, ಬಾಡಿಗೆಯವರ ದೂರು, ಎಲ್ಲವೂ ನನ್ನ ಪಾಲಿಗೆ. ಬೀದಿಯಲ್ಲಿ ನನ್ನನ್ನು 'ಓನರ್ ಆಂಟಿ' ಎನ್ನುತ್ತಾರೆ. ಆ ಹೆಸರು ಕೇಳಿದಾಗ ನನ್ನ ಕುತ್ತಿಗೆ ಸ್ವಲ್ಪ ನೆಟ್ಟಗಾಗುತ್ತದೆ.

ಎರಡನೇ ಮಹಡಿಯಲ್ಲಿ ಗಂಡ ಹೆಂಡತಿ ಮತ್ತು ಅವರ ಮಗಳು ಇದ್ದರು. ಆ ಹುಡುಗಿಗೂ ಒಂಬತ್ತೇ ವರ್ಷ. ನನ್ನ ಮಗಳೂ ಅವಳೂ ಒಂದೇ ವ್ಯಾನಿನಲ್ಲಿ ಶಾಲೆಗೆ ಹೋಗುತ್ತಿದ್ದರು, ಒಂದೇ ತಟ್ಟೆಯಲ್ಲಿ ಚಿತ್ರಾನ್ನ ತಿನ್ನುತ್ತಿದ್ದರು, ಮೆಟ್ಟಿಲ ತಿರುವಿನಲ್ಲಿ ಕೂತು ಏನೇನೋ ಗುಸುಗುಸು ಮಾಡುತ್ತಿದ್ದರು. ನಾಲ್ಕು ವರ್ಷ ಹೀಗೇ ನಡೆಯಿತು. ಆಮೇಲೆ ಆ ಮಾರ್ಚ್ ತಿಂಗಳು ಬಂತು.

ಬೋರ್‌ವೆಲ್ ಬತ್ತಿತ್ತು, ಕಾವೇರಿ ನೀರು ಬರುವ ದಿನ ಬಂದರೆ ಬಂತು, ಟ್ಯಾಂಕರಿನವನು ಫೋನೇ ಎತ್ತುತ್ತಿರಲಿಲ್ಲ. ಒಂದು ಮಧ್ಯಾಹ್ನ ನಮ್ಮತ್ತೆ ಅಡುಗೆಮನೆಯಲ್ಲಿ ಖಾಲಿ ಕೊಡ ಅಲ್ಲಾಡಿಸಿ, "ಇಷ್ಟು ದೊಡ್ಡ ಬಿಲ್ಡಿಂಗು, ಒಂದ್ ಕೊಡ ನೀರ್ ಇಡೋಕ್ಕೂ ಆಗ್ಲಿಲ್ವಲ್ಲೇ ನಿನ್ನ ಕೈಲಿ" ಎಂದು ಹೇಳಿ, ಚಪ್ಪಲಿ ಮೆಟ್ಟಿಕೊಂಡು ಜೆ.ಪಿ. ನಗರದಲ್ಲಿರುವ ತಮ್ಮ ಮಗಳ ಮನೆಗೆ ನಾಲ್ಕು ದಿನ ಇದ್ದು ಬರಲೆಂದು ಹೊರಟುಬಿಟ್ಟರು. ಅವರಿಗೆ ಎದುರು ಮಾತಾಡಲಿಲ್ಲ. ಹತ್ತು ನಿಮಿಷದ ಮೇಲೆ, ಎರಡನೇ ಮಹಡಿಯವರ ಬಾಲ್ಕನಿಯಿಂದ ನೀರು ಸುರಿಯುವುದು ಕಂಡಿತು. ನೀರಿಲ್ಲದಾಗ ನಲ್ಲಿ ತಿರುಗಿಸಿಟ್ಟು ಮರೆತಿದ್ದರು, ಅಷ್ಟರಲ್ಲಿ ಕಾವೇರಿ ನೀರು ಬಂದಿತ್ತು, ಅಷ್ಟೇ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅನ್ನುತ್ತಾರೆ. ನಮ್ಮ ಮನೆಯಲ್ಲಿ ಕೊತ್ತಿ ಇರಲಿಲ್ಲ, ಎರಡನೇ ಮಹಡಿಯಾಕೆ ಇದ್ದಳು.

ಮೆಟ್ಟಿಲ ಮೇಲೆ ನಿಂತು ನಾನು ಕೂಗಿದ್ದನ್ನೆಲ್ಲ ಬರೆಯಲಾರೆ. ಕೊನೆಗೆ ಹೇಳಿದ್ದು ಮಾತ್ರ ಇದು: "ನಿಮ್ಮಂಥೋರು ಬೇಡವೇ ಬೇಡ. ಮುಂದಿನ ತಿಂಗಳೊಳಗೆ ಖಾಲಿ ಮಾಡಿ." ಆಕೆ, "ಆಯ್ತು ಮೇಡಂ" ಎಂದು ಬಾಗಿಲು ಹಾಕಿಕೊಂಡಳು. ಅಲ್ಲಿಯವರೆಗೆ ಆಕೆ ನನ್ನನ್ನು 'ಅಕ್ಕ' ಎನ್ನುತ್ತಿದ್ದಳು. ಸಂಜೆ ಕೋಪ ಇಳಿಯಿತು. ಮೇಲೆ ಹೋಗಿ, ಸಿಟ್ಟಲ್ಲಿ ಅಂದುಬಿಟ್ಟೆ ಕಣಮ್ಮ, ಮನಸ್ಸಿಗೆ ಹಚ್ಕೋಬೇಡ ಎಂದಿದ್ದರೆ ಮುಗಿದುಹೋಗುತ್ತಿತ್ತು. ಎರಡು ಸಲ ಮೆಟ್ಟಿಲು ಹತ್ತಿ ಅರ್ಧಕ್ಕೇ ಇಳಿದು ಬಂದೆ. ಓನರ್ ಆಂಟಿ ಹೋಗಿ ಬಾಡಿಗೆಯವಳ ಹತ್ತಿರ ತಪ್ಪಾಯಿತು ಅನ್ನುವುದು ಹೇಗೆ?

ಏಪ್ರಿಲ್ ಕೊನೆಗೆ ಅವರು ಸಾಮಾನು ತುಂಬಿಕೊಂಡು ತಲಘಟ್ಟಪುರದ ಕಡೆಗೆ ಹೋದರು, ಹುಡುಗಿಯನ್ನು ಅಲ್ಲೇ ಶಾಲೆಗೆ ಸೇರಿಸಿದರು. ಆಕೆ ಮರ್ಯಾದಸ್ಥೆ, ಯಾರಿಗೂ ಏನೂ ಹೇಳಲಿಲ್ಲ. ನಾನು ಮನೆಯಲ್ಲಿ, "ಅವರಿಗೆ ದೊಡ್ಡ ಮನೆ ಬೇಕಂತೆ, ಅಲ್ಲೆಲ್ಲೋ ಸಿಕ್ತಂತೆ" ಎಂದೆ. ನನ್ನ ಗಂಡ, "ಒಳ್ಳೇ ಜನ ಕಣೇ, ಯಾಕೋ ಹೋಗ್ಬಾರ್ದಿತ್ತು" ಎಂದರು. ಮಗಳು ನನ್ನ ಮುಖ ನೋಡಿದಳು. ನಾನು ಕುಕ್ಕರ್ ಕೂಗಿತೆಂದು ಎದ್ದು ಹೋದೆ. ಕುಕ್ಕರ್ ಕೂಗಿರಲಿಲ್ಲ.

ಜೂನಿನಲ್ಲಿ ಶಾಲೆ ಶುರುವಾಯಿತು. ಮಗಳು ದಿನಾ ಸಂಜೆ ಬ್ಯಾಗು ಎಸೆದು, "ಅಮ್ಮ, ಬೇಜಾರು" ಎನ್ನತೊಡಗಿದಳು. ಬೇಜಾರಿಗೆ ನನ್ನ ಹತ್ತಿರ ಔಷಧಿಗೆ ಬರವೇ? ಡ್ರಾಯಿಂಗ್ ಕ್ಲಾಸಿಗೆ ಸೇರಿಸಿದೆ. ಅಬ್ಯಾಕಸ್‌ಗೆ ಸೇರಿಸಿದೆ. ಜಯನಗರಕ್ಕೆ ಕರೆದುಕೊಂಡು ಹೋಗಿ ಸ್ಕೇಟಿಂಗ್ ಶೂ ಕೊಡಿಸಿದೆ. ಅದೂ ಆಗದಿದ್ದರೆ ಫೋನು ಕೈಗಿಟ್ಟೆ. "ಇಷ್ಟೆಲ್ಲ ಇದ್ರೂ ಬೇಜಾರು ಅಂದ್ರೆ ಏನ್ ಹೇಳ್ಬೇಕು ನಿಂಗೆ? ನಮ್ ಕಾಲದಲ್ಲಿ ಇದೆಲ್ಲ ಇತ್ತಾ?" ಎಂದು ಮೇಲೊಂದು ಭಾಷಣ. ಅವಳು ಸ್ಕೇಟಿಂಗ್ ಶೂ ಹಾಕಿಕೊಂಡು ಗೇಟಿನ ಹತ್ತಿರ ಸುಮ್ಮನೆ ನಿಂತಿರುತ್ತಿದ್ದಳು.

ಶಾಲೆಯಲ್ಲಿ ಮಕ್ಕಳ ಮನಸ್ಸಿನ ವಿಚಾರ ನೋಡಿಕೊಳ್ಳಲು ಒಬ್ಬ ಮೇಡಂ ಇದ್ದರು. ಪೇರೆಂಟ್ಸ್ ಮೀಟಿಂಗಿನ ದಿನ ಅವರು ನನ್ನನ್ನು ಪಕ್ಕಕ್ಕೆ ಕರೆದು, "ಮಗು ತುಂಬಾ ಸೈಲೆಂಟ್ ಆಗಿದಾಳೆ. ಮನೇಲಿ ಫೀಲಿಂಗ್ಸ್ ಬಗ್ಗೆ ಮಾತಾಡ್ತೀರಾ?" ಎಂದು ಕೇಳಿದರು. ಊಟ, ಹೋಂವರ್ಕು, ಸ್ನಾನ ಇವುಗಳ ಬಗ್ಗೆ ಮಾತಾಡುತ್ತೇವೆ ಎಂದೆ. ಅವರು ನಕ್ಕು, ದುಂಡು ದುಂಡು ಮುಖಗಳಿದ್ದ ಒಂದು ಹಾಳೆ ಕೊಟ್ಟರು. ನಗುವ ಮುಖ, ಅಳುವ ಮುಖ, ಹುಬ್ಬು ಗಂಟಿಕ್ಕಿದ ಮುಖ, ಕೆಳಗೆಲ್ಲ ಇಂಗ್ಲಿಷು. "ಪಾಠದ ಥರ ಬೇಡ ಮೇಡಂ. ಆಟದ ಥರ ಮಾಡಿ. ದೊಡ್ಡೋರೂ ಆಡ್ಬೇಕು, ದೊಡ್ಡೋರೂ ಹೇಳ್ಬೇಕು" ಎಂದರು.

ಹಾಳೆಯನ್ನು ಫ್ರಿಜ್ಜಿಗೆ ಅಂಟಿಸಿದ್ದಾಯಿತು, ಯಾರೂ ನೋಡಲಿಲ್ಲ. ಮನೆಯಲ್ಲಿ ಎಲ್ಲರಿಗೂ ಬರುವ ಆಟ ಒಂದೇ, ಚೌಕಾಬಾರ. ಮಿಕ್ಸಿಯ ರಟ್ಟಿನ ಡಬ್ಬ ಬಿಚ್ಚಿ, ಹಿಂಭಾಗದಲ್ಲಿ ಐದು ಸಾಲು ಐದು ಮನೆ ಬರೆದೆ. ಕವಡೆ ಇರಲಿಲ್ಲ. ನಮ್ಮತ್ತೆ ನಾಲ್ಕು ಹುಣಸೆ ಬೀಜಗಳ ಒಂದು ಬದಿಯನ್ನು ತಾರಸಿಯ ಸಿಮೆಂಟಿಗೆ ತೇಯ್ದು ಬೆಳ್ಳಗೆ ಮಾಡಿಕೊಟ್ಟರು. ಆಟ ಗೊತ್ತಿಲ್ಲದವರಿಗೆ ಹೇಳುತ್ತೇನೆ: ಬೀಜ ಎಸೆದು ಬಿದ್ದಷ್ಟು ಮನೆ ಕಾಯಿ ನಡೆಸಬೇಕು, ದಾರಿಯಲ್ಲಿ ಬೇರೆಯವರ ಕಾಯಿ ಸಿಕ್ಕರೆ ಹೊಡೆಯಬಹುದು. ಆದರೆ ನಾಲ್ಕು ಬದಿಗೂ ಗುಣಾಕಾರದ ಗುರುತು ಹಾಕಿದ ಒಂದೊಂದು ಮನೆ ಇರುತ್ತದೆ, ಅದು ಕಟ್ಟೆ. ಕಟ್ಟೆಯ ಮೇಲೆ ಕೂತ ಕಾಯಿಯನ್ನು ಯಾರೂ ಹೊಡೆಯುವಂತಿಲ್ಲ.

ಆ ನಾಲ್ಕು ಕಟ್ಟೆಗಳಿಗೆ ನಾನು ಸ್ಕೆಚ್ ಪೆನ್ನಿನಲ್ಲಿ ಹೆಸರು ಬರೆದೆ: ಖುಷಿ, ಸಿಟ್ಟು, ಭಯ, ಬೇಜಾರು. ಯಾರ ಕಾಯಿ ಯಾವ ಕಟ್ಟೆಗೆ ಬರುತ್ತದೋ ಅವರು ಅದರ ಬಗ್ಗೆ ಒಂದು ನಿಜ ಹೇಳಬೇಕು. "ಕಟ್ಟೇಲಿರೋ ಕಾಯಿನ ಹೊಡಿಯೋ ಹಾಗಿಲ್ಲ ಅಲ್ವಾ? ಹಂಗೇ ಕಟ್ಟೆ ಮೇಲೆ ಹೇಳಿದ ಮಾತಿಗೆ ಯಾರೂ ಬಯ್ಯೋ ಹಾಗಿಲ್ಲ, ನಗೋ ಹಾಗಿಲ್ಲ, ಆಚೆ ಹೋಗಿ ಹೇಳೋ ಹಾಗಿಲ್ಲ" ಎಂದು ನಿಯಮ ಮಾಡಿದವಳೂ ನಾನೇ. ಮಗಳು, "ಪ್ರಾಮಿಸ್?" ಎಂದು ಅಂಗೈ ಚಾಚಿದಳು. ನಾನು ಮೊದಲು ಕೈಯಿಟ್ಟೆ, ಮಿಕ್ಕವರು ಆಮೇಲೆ.

ಆಟ ನಾನು ಅಂದುಕೊಂಡದ್ದಕ್ಕಿಂತ ಚೆನ್ನಾಗಿ ಹಿಡಿಯಿತು. ಭಾನುವಾರ ಊಟವಾದ ಮೇಲೆ ರಟ್ಟು ಹಾಸುವುದೇ ಒಂದು ಹಬ್ಬವಾಯಿತು. ನಮ್ಮತ್ತೆ ಭಯದ ಕಟ್ಟೆಗೆ ಬಂದು, ಬನಶಂಕರಿ ಮೆಟ್ರೋದಲ್ಲಿ ತಾನಾಗಿ ಓಡುವ ಮೆಟ್ಟಿಲು ಕಂಡರೆ ಕಾಲು ನಡುಗುತ್ತದೆ, ಅದಕ್ಕೇ ಮಂಡಿ ನೋವೆಂದು ನೆಪ ಹೇಳಿ ಆಟೋ ಹಿಡಿಯುತ್ತೇನೆ ಎಂದರು. ನನ್ನ ಗಂಡ ಸಿಟ್ಟಿನ ಕಟ್ಟೆಯಲ್ಲಿ ಮೊದಲು, ಸುಟ್ಟುಹೋದ ಬಲ್ಬು ವಾಪಸ್ ತರುವ ಗಿರಾಕಿಗಳನ್ನು ಬೈದರು. ಎರಡನೇ ಸಲ ಅದೇ ಕಟ್ಟೆಗೆ ಬಂದಾಗ ಸ್ವಲ್ಪ ಹೊತ್ತು ಬೀಜ ತಿರುಗಿಸುತ್ತಾ ಕೂತು, "ಅಂಗಡಿಯಿಂದ ಬಂದ ತಕ್ಷಣ ಮೋಟಾರ್ ರಿಪೇರಿ, ಫ್ಯಾನ್ ರಿಪೇರಿ ಅಂತೀರ. ಊಟ ಆಯ್ತಾ ಅಂತ ಒಬ್ರೂ ಕೇಳಲ್ಲ" ಎಂದರು. ಹನ್ನೆರಡು ವರ್ಷ ಸಂಸಾರ ಮಾಡಿದ ಮನುಷ್ಯನಿಗೆ ಇದನ್ನು ಹೇಳಲು ಹುಣಸೆ ಬೀಜ ಬೇಕಾಯಿತು.

ನಾನು? ನಾನು ಸಿಟ್ಟಿನ ಕಟ್ಟೆಗೆ ಬಂದರೆ, ಗ್ಯಾಸ್ ಮುಗಿದಾಗ ಸಿಟ್ಟು ಬರುತ್ತದೆ ಎನ್ನುತ್ತಿದ್ದೆ. ಭಯಕ್ಕೆ ಬಂದರೆ ಜಿರಳೆ. ಬೇಜಾರಿಗೆ ಬಂದರೆ ದೋಸೆ ಹಿಟ್ಟು ಹುಳಿ ಬಂದದ್ದು. ಮಗಳು ಒಮ್ಮೆ, "ಅಮ್ಮ ಸುಮ್ಸುಮ್ನೆ ಹೇಳ್ತಾಳೆ" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ.

ಆಷಾಢ ಮುಗಿಯುವ ಹೊತ್ತಿಗೆ ಒಂದು ಭಾನುವಾರ ಅವಳ ಕಾಯಿ ಬೇಜಾರಿನ ಕಟ್ಟೆಗೆ ಬಂತು. ಅವಳು ತಲೆ ಎತ್ತಲಿಲ್ಲ.

"ನಾನು ಎರಡನೇ ಫ್ಲೋರ್ ಮನೆಗೆ ಹೋಗ್ತೀನಿ" ಎಂದಳು. "ಕೀ ತಗೊಂಡು."

ಬಾತ್‌ರೂಮ್ ಸೋರುತ್ತಿದ್ದದ್ದರಿಂದ ಆ ಮನೆಯನ್ನು ಇನ್ನೂ ಯಾರಿಗೂ ಕೊಟ್ಟಿರಲಿಲ್ಲ. ಬೀಗದ ಕೈ ನಮ್ಮ ಬಾಗಿಲ ಹಿಂದಿನ ಮೊಳೆಗೆ ನೇತುಬಿದ್ದಿರುತ್ತಿತ್ತು. ಸಂಜೆ ಮಗಳು ತಾರಸಿಯಲ್ಲಿ ಆಡುತ್ತಿದ್ದಾಳೆ ಎಂದು ನಾನು ಅಂದುಕೊಂಡಿರುವಾಗ ಅವಳು ಆ ಖಾಲಿ ಮನೆಯ ಒಳಗೆ ಹೋಗಿ, ಗೆಳತಿಯ ಮಂಚವಿದ್ದ ಮೂಲೆಯಲ್ಲಿ ಕೂರುತ್ತಿದ್ದಳಂತೆ. ನೆಲದ ಮೇಲೆ ಸೀಮೆಸುಣ್ಣದಲ್ಲಿ ಮನೆ ಬರೆದು ಇಬ್ಬರ ಆಟವನ್ನೂ ತಾನೇ ಆಡುತ್ತಿದ್ದಳಂತೆ. ಆ ದಿನ ಶಾಲೆಯಲ್ಲಿ ನಡೆದದ್ದನ್ನೆಲ್ಲ ಎದುರಿಗೆ ಕೂತವಳಿಗೆ ಹೇಳುವಂತೆ ಜೋರಾಗಿ ಹೇಳುತ್ತಿದ್ದಳಂತೆ.

"ಯಾರ್ ಗೆಲ್ತಾರೆ ಪುಟ್ಟಿ?" ಎಂದು ನನ್ನ ಗಂಡ ಮೆಲ್ಲಗೆ ಕೇಳಿದರು.

"ಅವಳೇ. ನಾನು ಬೇಕಂತ ಸೋಲ್ತೀನಿ."

ಯಾರೂ ನಗಲಿಲ್ಲ. ನಮ್ಮತ್ತೆ ಸೆರಗಿನಿಂದ ಮೂಗು ಒರೆಸಿಕೊಂಡರು. ಬೇಜಾರು ಅಂದರೆ ಏನೆಂದು ಅವತ್ತು ನನ್ನ ಮಂಡೆಗೆ ಹೊಳೆಯಿತು. ಅವಳನ್ನು ಎಳೆದು ಮಡಿಲಲ್ಲಿ ಕೂರಿಸಿಕೊಂಡೆ. ಮೆಟ್ಟಿಲ ಮೇಲೆ ನಡೆದದ್ದನ್ನು ಹೇಳಬೇಕಾಗಿದ್ದದ್ದು ಆಗಲೇ. ಗಂಡ ಎದುರಿಗಿದ್ದರು, ಅತ್ತೆ ಎದುರಿಗಿದ್ದರು, ಬಾಯಿ ಬರಲಿಲ್ಲ. "ಹೊಸ ಫ್ರೆಂಡ್ ಸಿಗ್ತಾಳೆ ಬಿಡು" ಎಂದೆ.

ಇಷ್ಟಕ್ಕೇ ನಿಂತಿದ್ದರೆ ನಾನು ಹೇಡಿ ಅನ್ನಬಹುದಿತ್ತು, ಅಷ್ಟೇ. ಆದರೆ ನನಗೆ ಇನ್ನೊಂದು ರೋಗವಿದೆ. ನಾಲ್ಕು ಜನ ಸೇರಿದ ಕಡೆ ಕಥೆ ಹೇಳಿ ನಗಿಸುವ ರೋಗ. ನಮ್ಮ ಬಳಗದಲ್ಲಿ ಮದುವೆಯಾಗಲಿ ನಾಮಕರಣವಾಗಲಿ, ಊಟವಾದ ಮೇಲೆ ಎಲ್ಲರೂ ನನ್ನ ಸುತ್ತ ಕೂರುತ್ತಾರೆ. ಅಭಿನಯ ಮಾಡಿ, ದನಿ ಬದಲಿಸಿ ಹೇಳುತ್ತೇನೆ. ಸೊಸೆಯಾಗಿ ಈ ಮನೆಗೆ ಬಂದಾಗ ನನಗೆ ಸಿಕ್ಕ ಒಂದೇ ಬೆಲೆ ಅದು.

ಶ್ರಾವಣದಲ್ಲಿ, ಅಂದರೆ ಮಗಳು ಕಟ್ಟೆಯ ಮೇಲೆ ಹೇಳಿ ಹದಿನೈದು ದಿನಕ್ಕೆ, ಜೆ.ಪಿ. ನಗರದಲ್ಲಿ ನನ್ನ ಗಂಡನ ಅಕ್ಕನ ಮನೆಯಲ್ಲಿ ಅವರ ಮೊಮ್ಮಗುವಿನ ನಾಮಕರಣ. ಹೋಳಿಗೆ ಊಟ ಗಡದ್ದಾಗಿತ್ತು. ಹಾಲಿನಲ್ಲಿ ಜಮಖಾನದ ಮೇಲೆ ಹೆಂಗಸರೆಲ್ಲ ಎಲೆ ಅಡಿಕೆ ಹಾಕಿಕೊಂಡು ಕೂತಿದ್ದರು. ಯಾರೋ, "ನಿಮ್ಮ ಎರಡನೇ ಫ್ಲೋರು ಇನ್ನೂ ಖಾಲೀನಾ?" ಎಂದು ಕೇಳಿದರು. ನನ್ನ ನಾಲಿಗೆ ತುರಿಸಿತು.

"ಖಾಲಿ ಅಂತ ಯಾರ್ ಹೇಳಿದ್ದು? ಟೆನೆಂಟ್ ಬಂದಾಯ್ತಲ್ಲ, ನನ್ ಮಗಳೇ!" ಎಂದೆ.

ಅಷ್ಟಕ್ಕೇ ಒಂದು ಅಲೆ ನಗು ಎದ್ದಿತು. ಆ ನಗು ಕೇಳಿದ ಮೇಲೆ ನನ್ನನ್ನು ಹಿಡಿಯುವವರಿಲ್ಲ. ಅವಳು ಕೀ ಕದಿಯುವುದು, ಕಳ್ಳ ಹೆಜ್ಜೆ ಇಟ್ಟು ಮೆಟ್ಟಿಲು ಹತ್ತುವುದು, ಆ ಕಡೆ ಒಮ್ಮೆ ಈ ಕಡೆ ಒಮ್ಮೆ ಕೂತು ತನ್ನ ಜೊತೆ ತಾನೇ ಆಡುವುದು, ಗೋಡೆಗೆ ಶಾಲೆಯ ಸುದ್ದಿ ಹೇಳುವುದು, ಎಲ್ಲವನ್ನೂ ಎದ್ದು ನಿಂತು ಮಾಡಿ ತೋರಿಸಿದೆ. ಬೇಕೆಂದೇ ಸೋಲುವುದನ್ನೂ ಬಿಡಲಿಲ್ಲ. ಹೆಂಗಸರು ಹೊಟ್ಟೆ ಹಿಡಿದುಕೊಂಡು ನಕ್ಕರು. ನಗುತ್ತಿದ್ದವರ ಕಣ್ಣು ನನ್ನ ಬೆನ್ನ ಹಿಂದೆ ಹೋಯಿತು. ತಿರುಗಿದೆ. ಮಗಳು ತೊಟ್ಟಿಲಿಗೆ ಕಟ್ಟಲೆಂದು ತಂದಿದ್ದ ಬಲೂನು ಹಿಡಿದು ಬಾಗಿಲಲ್ಲಿ ನಿಂತಿದ್ದಳು.

ಒಬ್ಬ ದೊಡ್ಡಪ್ಪ ಅವಳ ಜಡೆ ಎಳೆದು, "ಏನ್ ಟೆನೆಂಟಮ್ಮ, ಯಾವಾಗ ಖಾಲಿ ಮಾಡ್ತೀಯಾ?" ಎಂದರು.

ಅವಳು ಅಳಲಿಲ್ಲ. ನಕ್ಕಳು. ದೊಡ್ಡವರು ನೆಂಟರ ಮುಂದೆ ನಗುತ್ತಾರಲ್ಲ, ಹಾಗೆ, ತುಟಿ ಎಳೆದು. ಒಂಬತ್ತು ವರ್ಷದ ಮಗುವಿನ ಮುಖದಲ್ಲಿ ಆ ನಗು ನೋಡಬಾರದು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಚಿಕ್ಕಂದಿನಿಂದ ಕೇಳಿಕೊಂಡೇ ಬೆಳೆದವಳು ನಾನು.

ದಾರಿಯಲ್ಲಿ ಆಟೋದಲ್ಲಿ, "ತಮಾಷೆಗೆ ಹೇಳಿದ್ದು, ಬೇಜಾರ್ ಮಾಡ್ಕೋಬೇಡ" ಎಂದೆ. "ಇಲ್ಲ" ಎಂದಳು. ಟೆನೆಂಟಮ್ಮ ಅನ್ನುವ ಹೆಸರು ನಿಂತುಬಿಟ್ಟಿತು. ಬಳಗದ ವಾಟ್ಸಾಪ್ ಗ್ರೂಪಿನಲ್ಲಿ ಅವಳ ಹುಟ್ಟುಹಬ್ಬಕ್ಕೂ 'ಹ್ಯಾಪಿ ಬರ್ತ್‌ಡೇ ಟೆನೆಂಟಮ್ಮ' ಎಂದು ಬಂತು. ನಾನು ಕೈ ಮುಗಿಯುವ ಚಿತ್ರ ಹಾಕಿ ಥ್ಯಾಂಕ್ಸ್ ಎಂದು ಬರೆದೆ.

ಆಮೇಲೆ ಅವಳು ಬೇಜಾರು ಅನ್ನುವುದನ್ನೇ ಬಿಟ್ಟಳು. ಎರಡನೇ ಮಹಡಿಗೂ ಹೋಗಲಿಲ್ಲ. ಮೊದಮೊದಲು ನಾನು, ಪರವಾಗಿಲ್ಲ, ಹುಡುಗಿ ಸರಿಹೋದಳು ಅಂದುಕೊಂಡೆ. ದಸರಾ ಹೊತ್ತಿಗೆ ಆ ಮನೆಗೆ ಹೊಸಬರೂ ಬಂದರು. ಭಾನುವಾರ ಕರೆದರೆ ಆಟಕ್ಕೆ ಬರುತ್ತಿದ್ದಳು, ಬೀಜ ಎಸೆಯುತ್ತಿದ್ದಳು, ಕಾಯಿ ನಡೆಸುತ್ತಿದ್ದಳು. ಭಯದ ಕಟ್ಟೆಗೆ ಬಂದಾಗ, "ಜಿರಳೆ" ಎಂದಳು. ಜಿರಳೆಯನ್ನು ಮೀಸೆ ಹಿಡಿದು ಎತ್ತಿ ಕಿಟಕಿಯಿಂದ ಆಚೆ ಎಸೆಯುವ ಹುಡುಗಿ ಅವಳು. ಸಿಟ್ಟಿನ ಕಟ್ಟೆಗೆ ಬಂದಾಗ, "ಗ್ಯಾಸ್ ಮುಗಿದ್ರೆ" ಎಂದಳು. ನನ್ನ ಗಂಡ ನನ್ನ ಕಡೆ ನೋಡಿದರು. ನಾನು ರಟ್ಟಿನ ಕಡೆ ನೋಡಿದೆ.

ಅವತ್ತು ಪಾತ್ರೆ ತೊಳೆಯುವಾಗ ನಮ್ಮತ್ತೆ ಪಕ್ಕಕ್ಕೆ ಬಂದು ನಿಂತರು. "ಕಟ್ಟೆ ಮೇಲಿದ್ದ ಕಾಯಿನ ಹೊಡ್ದುಬಿಟ್ಟೆ ಕಣೇ ನೀನು" ಎಂದರು. ನಾನು ನಲ್ಲಿ ನಿಲ್ಲಿಸಿ, ಒದ್ದೆ ಕೈಯಲ್ಲೇ ಕಣ್ಣೀರು ಒರೆಸಿಕೊಂಡೆ. ಅವರು ಒಗ್ಗರಣೆ ಸೌಟು ಒರೆಸಿ ಒಳಗಿಟ್ಟು ಹೋದರು.

ನವೆಂಬರಿನ ಒಂದು ಭಾನುವಾರ ಗಂಡ ಅಂಗಡಿಗೆ ಸ್ಟಾಕ್ ಬಂದಿದೆ ಎಂದು ಹೋಗಿದ್ದರು, ಅತ್ತೆ ದೇವಸ್ಥಾನಕ್ಕೆ. ನಾನೇ ಮಗಳನ್ನು ಕರೆದೆ. ಅವಳು ಬಂದು ಚಕ್ಕಳಮಕ್ಕಳ ಹಾಕಿ ಕೂತಳು. ಮೂರನೆಯದೋ ನಾಲ್ಕನೆಯದೋ ಸುತ್ತಿಗೆ ನನಗೆ ಚೌಕ ಬಿತ್ತು. ನಾಲ್ಕು ಮನೆ ನಡೆಸಿದರೆ ಸಿಟ್ಟಿನ ಕಟ್ಟೆ. ಬೇರೆ ಕಾಯಿ ನಡೆಸಬಹುದಾಗಿತ್ತು. ಬೆರಳು ಆ ಕಡೆಗೂ ಹೋಯಿತು. ಆಮೇಲೆ ಈ ಕಾಯಿಯನ್ನೇ ನಡೆಸಿದೆ.

"ಗ್ಯಾಸಾ?" ಎಂದಳು ಮಗಳು.

"ಅಲ್ಲ" ಎಂದೆ. "ಎರಡನೇ ಫ್ಲೋರ್ ಆಂಟಿಗೆ ದೊಡ್ಡ ಮನೆ ಬೇಕಿರ್ಲಿಲ್ಲ. ಅವರು ತಾವಾಗೇ ಹೋಗ್ಲಿಲ್ಲ. ಖಾಲಿ ಮಾಡಿ ಅಂತ ನಾನೇ ಕಿರುಚಿದೆ. ನನ್ನ ಸಿಟ್ಟು ಇದ್ದದ್ದು ಅಜ್ಜಿ ಮೇಲೆ, ತೀರಿಸ್ಕೊಂಡಿದ್ದು ಅವರ ಮೇಲೆ. ನಿನ್ ಫ್ರೆಂಡ್ ಹೋಗಿದ್ದು ನನ್ನಿಂದ. ನಿಂಗೆ ಸುಳ್ಳು ಹೇಳ್ದೆ. ಆಮೇಲೆ ನೀನು ಕಟ್ಟೆ ಮೇಲೆ ಹೇಳಿದ್ದನ್ನೂ ತಗೊಂಡ್ಹೋಗಿ ಎಲ್ರ ಮುಂದೆ ಆಡ್ಕೊಂಡೆ. ತಪ್ಪಾಯ್ತು."

ಅವಳು ಕೂಗಾಡುತ್ತಾಳೆ, ಎದ್ದು ಹೋಗುತ್ತಾಳೆ ಅಂದುಕೊಂಡಿದ್ದೆ. ಹಾಗೆ ಮಾಡಲಿ ಅಂತಲೂ ಇತ್ತು. ಅವಳು ಹುಣಸೆ ಬೀಜಗಳನ್ನು ಒಂದೊಂದಾಗಿ ಆರಿಸಿ ಅಂಗೈಯಲ್ಲಿ ಇಟ್ಟುಕೊಂಡಳು.

"ಖಾಲಿ ಮಾಡ್ಸಿದ್ದು ಗೊತ್ತು" ಎಂದಳು.

"ಯಾರ್ ಹೇಳಿದ್ರು?"

"ಯಾರೂ ಇಲ್ಲ. ಅವತ್ತು ನಾವಿಬ್ರೂ ಮೇಲಿನ ಮೆಟ್ಟಿಲ ಮೇಲೇ ಕೂತಿದ್ವಿ. ಎಲ್ಲ ಕೇಳಿಸ್ತು. ಅವಳು ಅಳ್ತಿದ್ಲು. ನಾನು ಅವಳ ಕಿವಿ ಮುಚ್ಚಿದ್ದೆ."

ನಾನು ಆಡಿದ ಒಂದೊಂದು ಮಾತೂ ಅವಳ ಕಿವಿಗೆ ಬಿದ್ದಿತ್ತು. ದೊಡ್ಡ ಮನೆ ಬೇಕಂತೆ ಎಂದು ನಾನು ಊಟದ ಹೊತ್ತಿನಲ್ಲಿ ಸುಳ್ಳು ಹೇಳುವಾಗ ಅವಳು ನನ್ನ ಮುಖ ನೋಡಿದ್ದು ಅದಕ್ಕೇ. ದಿನಾ ಸಂಜೆ ಬ್ಯಾಗು ಎಸೆದು ಬೇಜಾರು ಎಂದು ನನ್ನ ಹತ್ತಿರವೇ ಬಂದು ನಿಂತದ್ದೂ ಅದಕ್ಕೇ ಇರಬೇಕು. ಅಬ್ಯಾಕಸ್‌ಗೆ ಸೇರಿಸಿದವಳು ನಾನು.

"ಮತ್ತೆ ಯಾಕ್ ಪುಟ್ಟಿ ಹೇಳ್ಲಿಲ್ಲ ನೀನು? ನಂಗೆ ಬೇಡ, ಅಪ್ಪಂಗಾದ್ರೂ ಹೇಳ್ಬಹುದಿತ್ತಲ್ಲ?"

"ಹೇಳಿದ್ರೆ ಅಪ್ಪ ನಿಂಗೆ ಬೈತಿದ್ರು. ಅಜ್ಜಿನೂ ಬೈತಿದ್ರು. ಎಲ್ರೂ ನಿನ್ನ ಆಡ್ಕೋತಿದ್ರು" ಎಂದಳು. ಬೀಜಗಳನ್ನು ಕೈಯೊಳಗೆ ಕುಲುಕಿದಳು, ಎಸೆಯಲಿಲ್ಲ. ನನ್ನ ಮುಖ ನೋಡಿ, ನಾನು ಹೆದರಿಕೊಂಡಿದ್ದೇನೆ ಎಂದು ತಿಳಿದು ಸಮಾಧಾನ ಮಾಡುವ ಹಾಗೆ ಹೇಳಿದಳು: "ನಾನು ಯಾರಿಗೂ ಹೇಳಿಲ್ಲಮ್ಮ. ಹೇಳಲ್ಲ."